ಈಜು ನಿಂತರೆ ಶಾರ್ಕ್ ಸಾಯುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಿದ್ಯಾರ್ಥಿಗಳ ಪುಟದಲ್ಲಿ ಇತ್ತೀಚೆಗೆ ಬಂದ ಕಡಲಜೀವಿಗಳ ಪರಿಚಯ ಲೇಖನವನ್ನು ಆಸಕ್ತಿಯಿಂದ ಓದಿದೆ. ಚಿತ್ರಗಳು ಚೆನ್ನಾಗಿದ್ದವು, ಭಾಷೆಯೂ ಮಕ್ಕಳಿಗೆ ಹಿಡಿಸುವಂತಿತ್ತು. ಆದರೆ ಶಾರ್ಕ್ ಈಜುವುದನ್ನು ನಿಲ್ಲಿಸಿದ ಕೂಡಲೇ ಉಸಿರುಗಟ್ಟಿ ಸಾಯುತ್ತದೆ, ಹಾಗಾಗಿ ಹುಟ್ಟಿನಿಂದ ಸಾವಿನವರೆಗೆ ಅದು ಒಂದು ಗಳಿಗೆಯೂ ನಿಲ್ಲದೆ, ನಿದ್ದೆಯನ್ನೂ ಮಾಡದೆ ಈಜುತ್ತಿರುತ್ತದೆ ಎಂದು ಅದರಲ್ಲಿ ಬರೆಯಲಾಗಿದೆ. ಇದೇ ಮಾತು ಶಾಲೆಯ ರಸಪ್ರಶ್ನೆಗಳಲ್ಲಿ, ಟಿ.ವಿ. ಕಾರ್ಯಕ್ರಮಗಳಲ್ಲಿ, ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳಲ್ಲಿ ಮೇಲಿಂದ ಮೇಲೆ ಬರುತ್ತಿರುವುದರಿಂದ ಲೇಖಕರೊಬ್ಬರನ್ನೇ ದೂರುವಂತಿಲ್ಲ. ಐನೂರಕ್ಕೂ ಹೆಚ್ಚು ಪ್ರಭೇದಗಳಿರುವ ಶಾರ್ಕ್‌ಗಳ ಗುಂಪಿನಲ್ಲಿ ಇದು ಕೆಲವಕ್ಕೆ ಮಾತ್ರ ಹೊಂದುವ ಮಾತು, ಹೆಚ್ಚಿನವಕ್ಕೆ ಹೊಂದುವುದಿಲ್ಲ. ಹೊಂದುವ ಪ್ರಭೇದಗಳಲ್ಲಿಯೂ ಅದು ಏಕೆ ಹಾಗೆ ಎಂಬುದನ್ನು ಹೇಳದೆ ಬಿಟ್ಟರೆ, ಮಕ್ಕಳಿಗೆ ಒಂದು ಅಚ್ಚರಿ ಸಿಗುತ್ತದೆಯೇ ಹೊರತು ತಿಳಿವಳಿಕೆ ಸಿಗುವುದಿಲ್ಲ.

ಕರಾವಳಿಯಲ್ಲಿ ಬದುಕುವ ನಮಗೆ ಶಾರ್ಕ್ ಎಂದರೆ ದೂರದ ದೇಶದ ಪ್ರಾಣಿಯಲ್ಲ. ತಾಟೆ ಎಂಬ ಹೆಸರಿನಲ್ಲಿ ಅದು ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಿಗೆ ಬರುತ್ತದೆ, ಕೊಂಕಣಿಗರು ಅದನ್ನು ಮೋರಿ ಎನ್ನುತ್ತಾರೆ, ಬಾಣಂತಿಯರಿಗೆ ಒಳ್ಳೆಯದೆಂದು ಮರಿ ತಾಟೆಯನ್ನು ಹುಡುಕಿ ತರುವ ಮನೆಗಳೂ ಇವೆ. ಇಂಥ ಊರಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವನಾಗಿ ನನಗೆ ಕಂಡಿರುವುದೇನೆಂದರೆ, ಶಾರ್ಕ್‌ನ ದೇಹ ನೀರಿನಿಂದ ಆಮ್ಲಜನಕವನ್ನು ಹೇಗೆ ಪಡೆಯುತ್ತದೆ, ಪಡೆದದ್ದನ್ನು ಸ್ನಾಯುಗಳಿಗೆ ಹೇಗೆ ಮುಟ್ಟಿಸುತ್ತದೆ ಎಂಬುದನ್ನು ಅರಿತರೆ, ಬಲೆಗೆ ಬಿದ್ದ ಯಾವ ಶಾರ್ಕ್ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದೂ ಅರ್ಥವಾಗುತ್ತದೆ. ಆದ್ದರಿಂದ ಈ ಪತ್ರ ಸ್ವಲ್ಪ ದೀರ್ಘವಾದರೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಮೊದಲು ನೀರಿನ ಮಾತು. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿದೆ. ನಮ್ಮ ಕಡಲಿನಂಥ ಬೆಚ್ಚನೆಯ ಉಪ್ಪುನೀರಿನ ಒಂದು ಲೀಟರಿನಲ್ಲಿ ಕರಗಿರುವುದು ಐದು ಮಿಲಿಲೀಟರಿಗೂ ಕಡಿಮೆ. ಸಾಲದ್ದಕ್ಕೆ ನೀರು ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರ, ಅದರ ಸ್ನಿಗ್ಧತೆಯೂ, ಅಂದರೆ ಹರಿಯುವುದಕ್ಕೆ ಒಡ್ಡುವ ತಡೆಯೂ, ಹತ್ತಾರು ಪಟ್ಟು ಹೆಚ್ಚು. ನಾವು ಗಾಳಿಯನ್ನು ಎದೆಗೆಳೆದು ಅದೇ ದಾರಿಯಲ್ಲಿ ಹೊರಬಿಡುವ ಹಾಗೆ ಇಷ್ಟು ಭಾರದ ನೀರನ್ನು ಒಳಗೆಳೆದು ಹಿಂದಕ್ಕೆ ದೂಡುವುದು ಯಾವ ಮೀನಿಗೂ ಕಟ್ಟುವ ವ್ಯವಹಾರವಲ್ಲ. ಅದಕ್ಕಾಗಿಯೇ ಮೀನಿನ ಉಸಿರಾಟ ಒಮ್ಮುಖ ಹರಿವನ್ನು ನಂಬಿದೆ. ನೀರು ಬಾಯಿಯಿಂದ ಒಳಬಂದು ಕಿವಿರುಗಳ ಮೇಲೆ ಹಾದು ಪಕ್ಕದ ಸೀಳುಗಳಿಂದ ಹೊರಗೆ ಹೋಗುತ್ತದೆ, ಬಂದ ದಾರಿಯಲ್ಲಿ ಮರಳುವುದಿಲ್ಲ.

ಕರ್ನಾಟಕದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದಿದ ಹಿರಿಯ ಓದುಗರಿಗೆ ಸ್ಕೋಲಿಯೊಡಾನ್ ಎಂಬ ಹೆಸರು ನೆನಪಿರಲೇಬೇಕು. ಭಾರತದ ಪಶ್ಚಿಮ ಕರಾವಳಿಯಲ್ಲಿ ಧಾರಾಳವಾಗಿ ಸಿಗುವ, ಚೂಪು ಮೂತಿಯ ಈ ಸಣ್ಣ ಶಾರ್ಕ್ ದಶಕಗಳ ಕಾಲ ಪದವಿ ತರಗತಿಗಳ ಪ್ರಾಯೋಗಿಕ ಪಾಠದ ಪ್ರಾಣಿಯಾಗಿತ್ತು. ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿಸಿ, ಗುಂಡುಸೂಜಿ ಚುಚ್ಚಿ, ಗಂಟಲಿನ ತಳದ ಚರ್ಮ ಬಿಡಿಸಿ, ಸ್ನಾಯುವಿನ ಪದರಗಳನ್ನು ಒಂದೊಂದಾಗಿ ತೆಗೆದಾಗ ಹೃದಯದಿಂದ ಮುಂದಕ್ಕೆ ಹೊರಟ ಒಂದು ದಪ್ಪ ನಾಳ ಕಾಣುತ್ತಿತ್ತು. ಅದರಿಂದ ಎಡಕ್ಕೆ ಐದು, ಬಲಕ್ಕೆ ಐದು ಕವಲುಗಳು ಕಿವಿರುಗಳತ್ತ ಸಾಗುತ್ತಿದ್ದವು. ಆ ಕವಲುಗಳು ತುಂಡಾಗದಂತೆ ಕೊನೆಯವರೆಗೆ ಬಿಡಿಸಿ ತೋರಿಸಿದವರಿಗೆ ಪೂರ್ಣ ಅಂಕ. ಫಾರ್ಮಾಲಿನ್ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ವಿದ್ಯಾರ್ಥಿಗಳು ಉಸಿರು ಬಿಗಿಹಿಡಿದು ಮಾಡುತ್ತಿದ್ದ ಕೆಲಸ ಅದು. ಪ್ರಾಣಿಗಳ ಅಂಗಚ್ಛೇದನವನ್ನು ಪಠ್ಯದಿಂದ ಹಂತಹಂತವಾಗಿ ಕೈಬಿಟ್ಟಿರುವುದು ಸರಿಯಾದ ನಿರ್ಧಾರವೆಂದೇ ನಾನು ನಂಬುತ್ತೇನೆ. ಆದರೆ ಆ ತಟ್ಟೆಯ ಮೇಲೆ ಕಂಡದ್ದನ್ನು ಇಂದಿನ ಮಕ್ಕಳಿಗೆ ಬರವಣಿಗೆಯಲ್ಲಾದರೂ ಸರಿಯಾಗಿ ಕಾಣಿಸುವ ಹೊಣೆ ನಮ್ಮ ಮೇಲಿದೆ.

ಸ್ಕೋಲಿಯೊಡಾನ್‌ನ ತಲೆಯ ಪ್ರತಿ ಪಕ್ಕದಲ್ಲಿ ಐದು ಕಿವಿರು ಸೀಳುಗಳಿವೆ. ಬಹುಪಾಲು ಶಾರ್ಕ್‌ಗಳಿಗೆ ಐದೇ, ಆಳದಲ್ಲಿರುವ ಕೆಲವು ಹಳೆಯ ವಂಶಗಳಿಗೆ ಆರು ಅಥವಾ ಏಳು. ಬೇರೆ ಮೀನುಗಳಲ್ಲಿ ಕಾಣುವ, ಕಿವಿರುಗಳನ್ನು ಮುಚ್ಚುವ ಮೂಳೆಯ ತಟ್ಟೆ ಶಾರ್ಕ್‌ಗೆ ಇಲ್ಲ. ಪ್ರತಿ ಸೀಳಿನ ಹಿಂದೆ ಒಂದು ಚೀಲದಂಥ ಕೋಣೆ, ಕೋಣೆಯ ಮುಂದಿನ ಮತ್ತು ಹಿಂದಿನ ಗೋಡೆಗಳ ಮೇಲೆ ಸಾಲಾಗಿ ನಿಂತ ಕೆಂಪು ಎಳೆಗಳು. ಐದನೆಯ ಕೋಣೆಯ ಹಿಂಗೋಡೆಯೊಂದು ಮಾತ್ರ ಬರಿದು, ಹೀಗಾಗಿ ಒಂದು ಪಕ್ಕಕ್ಕೆ ಒಂಬತ್ತು ಸಾಲು. ಒಂದು ಎಳೆಯನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರ ಎರಡೂ ಮೈಯಲ್ಲಿ ಒತ್ತೊತ್ತಾಗಿ ನಿಂತ ತೆಳ್ಳನೆಯ ಪಟಲಗಳು ಕಾಣುತ್ತವೆ. ಉಸಿರಾಟ ನಡೆಯುವ ಜಾಗ ಇದೇ. ಪಟಲದ ಒಳಗೆ ರಕ್ತ, ಹೊರಗೆ ಸಮುದ್ರ, ನಡುವೆ ಇರುವ ಗೋಡೆಯ ದಪ್ಪ ಕಡಲತಳದ ಸಣ್ಣ ಶಾರ್ಕ್‌ಗಳಲ್ಲಿ ಒಂದು ಮಿಲಿಮೀಟರಿನ ಸುಮಾರು ನೂರನೇ ಒಂದು ಭಾಗ, ಅತಿ ವೇಗದ ಮ್ಯಾಕೊ ಶಾರ್ಕ್‌ನಲ್ಲಿ ಹೆಚ್ಚುಕಡಿಮೆ ಸಾವಿರನೇ ಒಂದು ಭಾಗ.

ಈ ಪಟಲಗಳಲ್ಲಿ ರಕ್ತ ಹರಿಯುವ ದಿಕ್ಕು ನೀರು ಹರಿಯುವ ದಿಕ್ಕಿಗೆ ವಿರುದ್ಧವಾಗಿರುತ್ತದೆ. ಪಾಠ ಮಾಡುವಾಗ ನಾನು ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಇಲ್ಲಿಯೇ. ರಕ್ತ ಮತ್ತು ನೀರು ಒಂದೇ ದಿಕ್ಕಿನಲ್ಲಿ ಹರಿದಿದ್ದರೆ, ಸ್ವಲ್ಪ ದೂರ ಸಾಗುವಷ್ಟರಲ್ಲಿ ಎರಡರಲ್ಲಿಯೂ ಆಮ್ಲಜನಕದ ಮಟ್ಟ ಸಮವಾಗಿ ಕೊಡುಕೊಳ್ಳುವಿಕೆ ನಿಂತುಬಿಡುತ್ತಿತ್ತು, ನೀರಿನಲ್ಲಿ ಉಳಿದದ್ದು ವ್ಯರ್ಥವಾಗಿ ಹೊರಗೆ ಹೋಗುತ್ತಿತ್ತು. ಎದುರುಬದುರಾಗಿ ಹರಿಯುವುದರಿಂದ ಹಾಗಾಗುವುದಿಲ್ಲ. ಪಟಲವನ್ನು ಈಗಷ್ಟೇ ಹೊಕ್ಕ ಬಡ ರಕ್ತಕ್ಕೆ, ಆಗಲೇ ಬಹುಪಾಲು ಆಮ್ಲಜನಕ ಕಳೆದುಕೊಂಡ ನೀರು ಎದುರಾಗುತ್ತದೆ. ಆ ನೀರಿನಲ್ಲಿಯೂ ರಕ್ತದಲ್ಲಿರುವುದಕ್ಕಿಂತ ಹೆಚ್ಚು ಆಮ್ಲಜನಕವಿರುವುದರಿಂದ ರಕ್ತ ಅದರಿಂದಲೂ ಪಡೆಯುತ್ತದೆ. ಪಟಲವನ್ನು ಬಿಡುವ ಹೊತ್ತಿಗೆ ಸಾಕಷ್ಟು ತುಂಬಿಕೊಂಡ ರಕ್ತಕ್ಕೆ ಈಗಷ್ಟೇ ಒಳಬಂದ ಹೊಸ ನೀರು ಸಿಗುತ್ತದೆ. ಹೀಗೆ ಉದ್ದಕ್ಕೂ ನೀರಿನ ಪಕ್ಕದಲ್ಲಿ ಆಮ್ಲಜನಕ ಹೆಚ್ಚು, ರಕ್ತದ ಪಕ್ಕದಲ್ಲಿ ಕಡಿಮೆ ಎಂಬ ಸ್ಥಿತಿ ಕೆಡುವುದಿಲ್ಲ. ನಾವು ಎದೆಗೆ ಎಳೆದುಕೊಂಡ ಗಾಳಿಯಲ್ಲಿರುವ ಆಮ್ಲಜನಕದಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಬಳಸಿ ಉಳಿದದ್ದನ್ನು ಹೊರಬಿಡುತ್ತೇವೆ. ಶಾರ್ಕ್‌ನ ಕಿವಿರು ಅಷ್ಟು ಬಡ ನೀರಿನಿಂದ ಅರ್ಧದಷ್ಟನ್ನು, ಎಷ್ಟೋ ಸಲ ಅದಕ್ಕಿಂತಲೂ ಹೆಚ್ಚನ್ನು ತೆಗೆಯಬಲ್ಲದು.

ಇನ್ನು ನೀರನ್ನು ಕಿವಿರಿನ ಮೇಲೆ ಹರಿಸುವುದು ಹೇಗೆ ಎಂಬ ಪ್ರಶ್ನೆ. ನಿಮ್ಮ ಲೇಖನ ಎಡವಿದ್ದು ಇಲ್ಲಿ. ಶಾರ್ಕ್‌ಗಳಲ್ಲಿ ಇದಕ್ಕೆ ಎರಡು ವಿಧಾನಗಳಿವೆ. ಒಂದರಲ್ಲಿ ಬಾಯಿ ಮತ್ತು ಗಂಟಲಿನ ಸ್ನಾಯುಗಳು ಬಾಯಿಯ ಕುಹರವನ್ನು ಹಿಗ್ಗಿಸಿ ನೀರನ್ನು ಒಳಗೆಳೆಯುತ್ತವೆ, ಆಮೇಲೆ ಬಾಯಿ ಮುಚ್ಚಿ ಕುಗ್ಗಿಸಿ ಸೀಳುಗಳ ಮೂಲಕ ಹೊರದೂಡುತ್ತವೆ. ಕಡಲತಳದಲ್ಲಿ ಮಲಗಿರುವ ನರ್ಸ್ ಶಾರ್ಕ್, ನಮ್ಮ ಅರಬ್ಬಿ ಸಮುದ್ರದ ಬಂಡೆಗಳ ನಡುವೆಯೂ ಇರುವ ಬಿದಿರು ಶಾರ್ಕ್, ಆಸ್ಟ್ರೇಲಿಯಾದ ವಾಬಿಗಾಂಗ್, ಇವೆಲ್ಲ ಹೀಗೆ ಒಂದೆಡೆ ನೆಮ್ಮದಿಯಾಗಿ ಬಿದ್ದುಕೊಂಡು ಉಸಿರಾಡುತ್ತವೆ. ಇಂಥ ಎಷ್ಟೋ ಶಾರ್ಕ್‌ಗಳಿಗೆ ಕಣ್ಣಿನ ಹಿಂದೆ ಒಂದೊಂದು ಸಣ್ಣ ರಂಧ್ರವೂ ಇದೆ. ಬಾಯಿ ಮರಳಿಗೆ ತಾಗಿಕೊಂಡಿದ್ದರೂ ಮೇಲಿನ ಶುದ್ಧ ನೀರು ಈ ರಂಧ್ರದಿಂದ ಒಳಬರುತ್ತದೆ. ಮರಳಲ್ಲಿ ಹೂತು ಮಲಗುವ ತೊರಕೆ ಮೀನಿನಲ್ಲಿ ಈ ರಂಧ್ರ ಎಷ್ಟು ದೊಡ್ಡದೆಂದರೆ, ಬಂದರಿನಲ್ಲಿ ಹರಾಜಿಗೆ ಹಾಕಿದ ತೊರಕೆಯನ್ನು ಮೇಲಿಂದ ನೋಡಿದವರಿಗೆ ಕಣ್ಣಿಗಿಂತ ಅದೇ ಮೊದಲು ಕಾಣುತ್ತದೆ. ಹೊರಗಡಲಿನಲ್ಲಿ ಸದಾ ಈಜುವ ಶಾರ್ಕ್‌ಗಳಲ್ಲಿ ಅದು ಕಿರಿದಾಗಿದೆ ಅಥವಾ ಇಲ್ಲವೇ ಇಲ್ಲ.

ಎರಡನೆಯ ವಿಧಾನದಲ್ಲಿ ಶಾರ್ಕ್ ಬಾಯಿಯನ್ನು ತುಸು ತೆರೆದುಕೊಂಡು ಮುಂದಕ್ಕೆ ಈಜುತ್ತದೆ. ಮುನ್ನುಗ್ಗುವ ವೇಗವೇ ನೀರನ್ನು ಬಾಯಿಯೊಳಗೆ ನುಗ್ಗಿಸಿ ಕಿವಿರುಗಳ ಮೇಲೆ ಹಾಯಿಸುತ್ತದೆ. ಉಸಿರಾಟಕ್ಕೆಂದು ಬೇರೆ ಸ್ನಾಯುಗಳು ದುಡಿಯಬೇಕಾಗಿಲ್ಲ, ಆ ಕೆಲಸವನ್ನು ಬಾಲ ಬಡಿಯುವ ಸ್ನಾಯುಗಳೇ ವಹಿಸಿಕೊಳ್ಳುತ್ತವೆ. ಹೇಗೂ ಈಜಲೇಬೇಕಾದ ಪ್ರಾಣಿಗೆ ಇದು ದೊಡ್ಡ ಉಳಿತಾಯ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅನೇಕ ಶಾರ್ಕ್‌ಗಳು ಈ ಎರಡೂ ವಿಧಾನಗಳನ್ನು ಬಲ್ಲವು. ಸ್ಯಾಂಡ್ ಟೈಗರ್ ಶಾರ್ಕ್ ನಿಧಾನವಾಗಿ ಚಲಿಸುವಾಗ ಬಾಯಿಯಿಂದ ನೀರನ್ನು ಪಂಪ್ ಮಾಡುತ್ತದೆ, ವೇಗ ಹೆಚ್ಚಿದೊಡನೆ ಪಂಪ್ ಮಾಡುವುದನ್ನು ನಿಲ್ಲಿಸಿ ಈಜಿನ ಹರಿವನ್ನೇ ನೆಚ್ಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ ಮುಳುಗುಗಾರರಿಗೆ ಆಗಾಗ ಎದುರಾಗುವ ಬಿಳಿತುದಿಯ ಹವಳದಿಬ್ಬ ಶಾರ್ಕ್ ಹಗಲಿಡೀ ಬಂಡೆಯ ಸಂದಿನಲ್ಲಿ ಮಲಗಿದ್ದು ರಾತ್ರಿ ಬೇಟೆಗೆ ಹೊರಡುತ್ತದೆ.

ಮೊದಲ ವಿಧಾನವನ್ನು ಪೂರ್ತಿ ಬಿಟ್ಟುಕೊಟ್ಟ, ಈಜದಿದ್ದರೆ ಸಾಕಷ್ಟು ನೀರು ಸಿಗದ ಶಾರ್ಕ್‌ಗಳೂ ಇವೆ ಎಂಬುದು ನಿಜ. ದೊಡ್ಡ ಬಿಳಿ ಶಾರ್ಕ್, ಮ್ಯಾಕೊ, ಹೊರಗಡಲಿನ ಬಿಳಿತುದಿ ಶಾರ್ಕ್, ಸುತ್ತಿಗೆ ತಲೆಯ ಹ್ಯಾಮರ್‌ಹೆಡ್ ಶಾರ್ಕ್‌ಗಳು ಈ ಸಾಲಿನವು. ಸಿನಿಮಾ, ಟಿ.ವಿ.ಗಳಲ್ಲಿ ನಾವು ಹೆಚ್ಚಾಗಿ ನೋಡುವುದು ಇವನ್ನೇ ಆದ್ದರಿಂದ ಇವುಗಳ ಗುಣ ಇಡೀ ಕುಲದ ಗುಣವೆಂದು ಜನ ನಂಬಿದ್ದಾರೆ. ಈ ಪ್ರಾಣಿಗಳಿಗೆ ಈಜುವ ಅನಿವಾರ್ಯಕ್ಕೆ ಇನ್ನೊಂದು ಕಾರಣವೂ ಇದೆ. ಮೂಳೆಮೀನುಗಳಲ್ಲಿರುವ ಗಾಳಿಚೀಲ ಶಾರ್ಕ್‌ಗೆ ಇಲ್ಲ. ಎಣ್ಣೆ ತುಂಬಿದ ದೊಡ್ಡ ಯಕೃತ್ತು ಅದರ ತೂಕವನ್ನು ಬಹಳಮಟ್ಟಿಗೆ ತಗ್ಗಿಸುತ್ತದಾದರೂ, ಹೆಚ್ಚಿನ ಶಾರ್ಕ್‌ಗಳು ನೀರಿಗಿಂತ ತುಸು ಭಾರವಾಗಿಯೇ ಇರುತ್ತವೆ. ಆದ್ದರಿಂದ ಹೊರಗಡಲಿನಲ್ಲಿ ಈಜು ನಿಲ್ಲಿಸಿದ ಶಾರ್ಕ್ ನಿಧಾನವಾಗಿ ಕೆಳಕ್ಕೆ ಜಾರತೊಡಗುತ್ತದೆ.

ಶಾರ್ಕ್‌ಗೆ ನಿದ್ದೆಯಿಲ್ಲ ಎಂಬ ಮಾತೂ ಪರೀಕ್ಷೆಗೆ ನಿಲ್ಲುವುದಿಲ್ಲ. 1970ರ ದಶಕದಲ್ಲಿ ಮೆಕ್ಸಿಕೋದ ಇಸ್ಲಾ ಮುಹೇರೆಸ್ ದ್ವೀಪದ ಬಳಿ ಕಡಲಡಿಯ ಗುಹೆಗಳಲ್ಲಿ, ಸದಾ ಈಜುವವೆಂದೇ ಆವರೆಗೆ ಎಣಿಸಿದ್ದ ಜಾತಿಯ ಶಾರ್ಕ್‌ಗಳು ನೆಲಕ್ಕೆ ಒರಗಿಕೊಂಡು ನಿಶ್ಚಲವಾಗಿ ಉಸಿರಾಡುತ್ತಿರುವುದನ್ನು ಅಮೆರಿಕದ ವಿಜ್ಞಾನಿ ಯುಜಿನಿ ಕ್ಲಾರ್ಕ್ ಖುದ್ದಾಗಿ ಇಳಿದು ನೋಡಿ ದಾಖಲಿಸಿದರು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನ್ಯೂಜಿಲೆಂಡ್ ಕಡಲಿನ ಡ್ರಾಫ್ಟ್ಸ್‌ಬೋರ್ಡ್ ಎಂಬ ಸಣ್ಣ ಶಾರ್ಕ್ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲುಗಾಡದೆ ಮಲಗಿದಾಗ ಅದರ ಆಮ್ಲಜನಕದ ಬಳಕೆ ಸ್ಪಷ್ಟವಾಗಿ ಇಳಿಯುವುದನ್ನು ಅಳೆದು, ಅದು ನಿದ್ದೆಯೇ ಎಂದು ತೋರಿಸಲಾಯಿತು. ಕೆಲವೊಮ್ಮೆ ಅದು ಕಣ್ಣು ತೆರೆದೇ ನಿದ್ರಿಸುತ್ತದೆಂಬುದೂ ಗೊತ್ತಾಯಿತು. ಸದಾ ಈಜುವ ಬಿಳಿ ಶಾರ್ಕ್‌ನಂಥವು ಹೇಗೆ ವಿಶ್ರಮಿಸುತ್ತವೆ ಎಂಬುದರ ಬಗ್ಗೆ ಸಿಕ್ಕಿರುವ ಸುಳಿವೆಂದರೆ, ಈಜಿನ ಲಯವನ್ನು ಬೆನ್ನುಹುರಿಯೇ ಬಹುಮಟ್ಟಿಗೆ ನಡೆಸಬಲ್ಲದು ಎಂಬುದು.

ಕಿವಿರಿನಲ್ಲಿ ತುಂಬಿಕೊಂಡ ಆಮ್ಲಜನಕ ದೇಹದೊಳಗೆ ಹೋಗುವ ದಾರಿಯೂ ಅಷ್ಟೇ ಕುತೂಹಲದ್ದು. ಶಾರ್ಕ್‌ನ ಹೃದಯ ಬಾಗಿದ ಕೊಳವೆಯಂತಿದ್ದು ಅದಕ್ಕೆ ರಕ್ತವನ್ನು ಬರಮಾಡಿಕೊಳ್ಳುವ ಕರ್ಣವೂ ಒಂದೇ, ಹೊರಗೊತ್ತುವ ಕುಕ್ಷಿಯೂ ಒಂದೇ. ಮೈಯಿಂದ ಮರಳಿದ, ಆಮ್ಲಜನಕ ಕಳೆದುಕೊಂಡ ರಕ್ತವನ್ನು ಅದು ಕಿವಿರುಗಳಿಗೆ ಒತ್ತುತ್ತದೆ. ಕಿವಿರುಗಳಿಂದ ಹೊರಟ ಶುದ್ಧ ರಕ್ತ ನಮ್ಮಲ್ಲಿಯ ಹಾಗೆ ಇನ್ನೊಮ್ಮೆ ಹೃದಯಕ್ಕೆ ಬರದೆ, ನೇರವಾಗಿ ಬೆನ್ನೆಲುಬಿನ ಕೆಳಗಿನ ಮಹಾಪಧಮನಿಯನ್ನು ಸೇರಿ ದೇಹಕ್ಕೆ ಹಂಚಿಹೋಗುತ್ತದೆ. ಕಿವಿರಿನ ಸೂಕ್ಷ್ಮ ನಾಳಗಳನ್ನು ದಾಟುವಾಗಲೇ ಒತ್ತಡದ ಒಂದು ಪಾಲು ಕರಗುವುದರಿಂದ, ಇಡೀ ದೇಹವನ್ನು ಸುತ್ತಿ ಬಂದ ರಕ್ತದಲ್ಲಿ ಹೃದಯವನ್ನು ತುಂಬುವಷ್ಟು ಒತ್ತಡ ಉಳಿದಿರುವುದಿಲ್ಲ. ಅದಕ್ಕೆ ಪರಿಹಾರವಾಗಿ ಶಾರ್ಕ್‌ನ ಹೃದಯ ಬಿಗಿಯಾದ, ಸುಲಭವಾಗಿ ಹಿಗ್ಗದ ಒಂದು ಕೋಶದೊಳಗೆ ಕುಳಿತಿದೆ. ಕುಕ್ಷಿ ಸಂಕುಚಿಸಿದಾಗ ಆ ಕೋಶದೊಳಗಿನ ಒತ್ತಡ ಇಳಿದು, ಪಿಚಕಾರಿಯ ಹಿಡಿ ಎಳೆದಾಗ ನೀರು ಒಳನುಗ್ಗುವ ಹಾಗೆ, ಹಿಂದಿನ ಸಿರೆಗಳಿಂದ ರಕ್ತ ಕರ್ಣದೊಳಕ್ಕೆ ಸೆಳೆಯಲ್ಪಡುತ್ತದೆ. ಈಜುವಾಗ ಬಾಲದ ಸ್ನಾಯುಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಿಗಿದು ಸಡಿಲುವುದರಿಂದ, ಬಾಲದ ಸಿರೆಯಲ್ಲಿರುವ ರಕ್ತವೂ ಹೃದಯದತ್ತ ದೂಡಲ್ಪಡುತ್ತದೆ. ಅಂದರೆ ಈಜು ಬಾಯಿಗೆ ನೀರನ್ನು ತರುವುದಷ್ಟೇ ಅಲ್ಲ, ರಕ್ತವನ್ನು ಸುತ್ತಿಸುವುದಕ್ಕೂ ಕೈಜೋಡಿಸುತ್ತದೆ. ಶಾರ್ಕ್‌ಗೆ ಈಜು ಏಕೆ ಬೇಕು ಎಂದು ಹೇಳುವಾಗ ಪಠ್ಯಪುಸ್ತಕಗಳು ಈ ಎರಡನೆಯ ಸಂಗತಿಯನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ.

ಇನ್ನೊಂದು ಸೂಕ್ಷ್ಮ ಸಂಗತಿ. ಹೃದಯದೊಳಗೆ ಹರಿಯುವುದೆಲ್ಲ ಆಮ್ಲಜನಕ ಕಳೆದುಕೊಂಡ ರಕ್ತವೇ ಆದರೆ, ಬಿಡುವಿಲ್ಲದೆ ದುಡಿಯುವ ಹೃದಯದ ಸ್ನಾಯುವಿಗೆ ಆಮ್ಲಜನಕ ಎಲ್ಲಿಂದ ಬರಬೇಕು? ಕಿವಿರುಗಳಿಂದ ಶುದ್ಧ ರಕ್ತವನ್ನು ಒಯ್ಯುವ ನಾಳಗಳಿಂದಲೇ ಕವಲೊಡೆದ ಪುಟ್ಟ ಅಪಧಮನಿಗಳು ಹಿಂದಿರುಗಿ ಬಂದು ಹೃದಯದ ಗೋಡೆಗೆ ರಕ್ತ ಉಣಿಸುತ್ತವೆ. ನಮ್ಮ ಹೃದಯದ ಪರಿಧಮನಿಗಳ ಕೆಲಸವನ್ನೇ ಇವು ಮಾಡುತ್ತವೆ. ತಟ್ಟೆಯ ಮೇಲೆ ಈ ಕೂದಲೆಳೆಯಂಥ ನಾಳವನ್ನು ತುಂಡುಮಾಡದೆ ಹುಡುಕಿಕೊಟ್ಟ ವಿದ್ಯಾರ್ಥಿಗಳು ಬಹಳ ಮಂದಿ ಇರಲಿಲ್ಲ.

ಶಾರ್ಕ್‌ನ ಮೈಯಲ್ಲಿ ಎರಡು ಬಗೆಯ ಸ್ನಾಯುಗಳಿವೆ. ತಾಟೆ ಮೀನನ್ನು ಅಡ್ಡಲಾಗಿ ತುಂಡು ಮಾಡಿದ ಯಾರೇ ಆದರೂ ಗಮನಿಸಿರಬಹುದು, ಮಾಂಸವೆಲ್ಲ ಬಿಳುಪು, ಚರ್ಮದ ಕೆಳಗೆ ಎರಡೂ ಪಕ್ಕದಲ್ಲಿ ಮಾತ್ರ ಕಡುಗೆಂಪಿನ ತೆಳು ಪಟ್ಟಿ. ಆ ಕೆಂಪು ಸ್ನಾಯುವಿನಲ್ಲಿ ರಕ್ತನಾಳಗಳೂ, ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಮಯೋಗ್ಲೋಬಿನ್ ಎಂಬ ಪ್ರೋಟೀನೂ ಹೇರಳವಾಗಿವೆ. ದಿನವಿಡೀ ನಿಧಾನವಾಗಿ ಈಜುವ ಕೆಲಸ ಅದರದು, ಅದು ದಣಿಯುವುದಿಲ್ಲ. ಬೇಟೆಯ ಮೇಲೆ ಎರಗುವಾಗ, ಅಪಾಯದಿಂದ ತಪ್ಪಿಸಿಕೊಳ್ಳುವಾಗ ಬಿಳಿ ಸ್ನಾಯು ಕೆಲಸಕ್ಕಿಳಿಯುತ್ತದೆ. ಆ ಹೊತ್ತಿನ ಬೇಡಿಕೆಯನ್ನು ಕಿವಿರುಗಳು ಪೂರೈಸಲಾರವಾದ್ದರಿಂದ ಅದು ಆಮ್ಲಜನಕವಿಲ್ಲದೆಯೇ ಶಕ್ತಿ ಪಡೆದು ಲ್ಯಾಕ್ಟಿಕ್ ಆಮ್ಲವನ್ನು ಉಳಿಸುತ್ತದೆ. ಈ ಆಮ್ಲದ ಸಾಲವನ್ನು ಆಮೇಲೆ ಆಮ್ಲಜನಕದಿಂದಲೇ ತೀರಿಸಬೇಕು. ಬಲೆಯ ವಿಷಯಕ್ಕೆ ಬಂದಾಗ ಇದು ಮುಖ್ಯವಾಗುತ್ತದೆ.

ಬಿಳಿ ಶಾರ್ಕ್, ಮ್ಯಾಕೊ, ಸಾಲ್ಮನ್ ಶಾರ್ಕ್ ಮೊದಲಾದ ಐದು ಪ್ರಭೇದಗಳ ಒಂದು ಕುಟುಂಬದಲ್ಲಿ ಈ ಕೆಂಪು ಸ್ನಾಯು ಚರ್ಮದ ಕೆಳಗಿರದೆ ಒಳಗೆ, ಬೆನ್ನೆಲುಬಿನ ಹತ್ತಿರ ಇದೆ. ಅಲ್ಲಿಗೆ ಹೋಗುವ ತಣ್ಣನೆಯ ರಕ್ತದ ನಾಳಗಳೂ ಅಲ್ಲಿಂದ ಮರಳುವ ಬೆಚ್ಚನೆಯ ರಕ್ತದ ನಾಳಗಳೂ ಜಾಲವಾಗಿ ಹೆಣೆದುಕೊಂಡು ಎದುರುಬದುರು ಹರಿಯುವುದರಿಂದ ಸ್ನಾಯುವಿನ ಬಿಸಿ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ಕಿವಿರಿನಲ್ಲಿ ಆಮ್ಲಜನಕಕ್ಕೆ ಒದಗಿದ ಉಪಾಯವೇ ಇಲ್ಲಿ ಶಾಖಕ್ಕೂ ಒದಗಿದೆ. ಅಲಾಸ್ಕಾದ ತಣ್ಣೀರಿನಲ್ಲಿ ಸಾಲ್ಮನ್ ಶಾರ್ಕ್‌ನ ಒಳಮೈ ಸುತ್ತಲಿನ ನೀರಿಗಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿರುವುದುಂಟು. ಬೆಚ್ಚಗಿನ ಸ್ನಾಯು ಹೆಚ್ಚು ವೇಗ ಕೊಡುತ್ತದೆ, ಹೆಚ್ಚು ಆಮ್ಲಜನಕವನ್ನೂ ಬೇಡುತ್ತದೆ. ಅದಕ್ಕೆ ತಕ್ಕಂತೆ ಇವುಗಳ ಕಿವಿರಿನ ವಿಸ್ತಾರ ಅಷ್ಟೇ ಗಾತ್ರದ ಇತರ ಶಾರ್ಕ್‌ಗಳದ್ದಕ್ಕಿಂತ ಎರಡು ಮೂರು ಪಟ್ಟು ಹಿರಿದು. ಇಷ್ಟು ಬಿಗಿಯಾದ ಜಮಾಖರ್ಚಿನಲ್ಲಿ ಬದುಕುವ ಪ್ರಾಣಿಗೆ ನಿಂತುಕೊಂಡು ಬಾಯಿಯಿಂದ ಪಂಪ್ ಮಾಡಿದ ನೀರು ಸಾಕಾಗುವುದಿಲ್ಲ. ಈಜು ನಿಂತರೆ ಸಾವು ಎಂಬ ಮಾತಿನಲ್ಲಿರುವ ನಿಜ ಇದು.

ಇದಕ್ಕೆ ಅಪವಾದವೂ ಇದೆ ಎಂದು ಗೊತ್ತಾದದ್ದು ತೀರಾ ಇತ್ತೀಚೆಗೆ. ನಮ್ಮ ಕಡಲಿನಲ್ಲಿಯೂ ಇರುವ ಒಂದು ಜಾತಿಯ ಹ್ಯಾಮರ್‌ಹೆಡ್ ಶಾರ್ಕ್‌ಗಳಿಗೆ ಹವಾಯಿಯ ವಿಜ್ಞಾನಿಗಳು ಉಪಕರಣ ಕಟ್ಟಿ ನೋಡಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ರಾತ್ರಿ ಬೇಟೆಗಾಗಿ ಇವು 800 ಮೀಟರಿಗೂ ಆಳಕ್ಕೆ, ಐದು ಡಿಗ್ರಿಯಷ್ಟು ತಣ್ಣನೆಯ ನೀರಿಗೆ ಇಳಿಯುತ್ತವೆ. ಕಿವಿರು ತೆರೆದಿದ್ದರೆ ಆ ನೀರಿಗೆ ರಕ್ತದ ಬಿಸಿಯೆಲ್ಲ ಸೋರಿಹೋಗಬೇಕಿತ್ತು. ಆದರೆ ಅವುಗಳ ಸ್ನಾಯುವಿನ ಉಷ್ಣತೆ ಹೆಚ್ಚು ಇಳಿಯಲೇ ಇಲ್ಲ. ಇಳಿದು ಏರುವ ಆ ಹದಿನೇಳು ನಿಮಿಷಗಳ ಬಹುಭಾಗದಲ್ಲಿ ಅವು ಕಿವಿರು ಸೀಳುಗಳನ್ನು ಮುಚ್ಚಿಕೊಂಡು, ಅಂದರೆ ಉಸಿರು ಹಿಡಿದು ಈಜುತ್ತವೆ ಎಂಬುದು ಆ ವಿಜ್ಞಾನಿಗಳ ತೀರ್ಮಾನ. ನಿಂತರೆ ಉಸಿರಾಡಲಾರದು ಎಂದು ನಾವು ಹೇಳುತ್ತಿದ್ದ ಪ್ರಾಣಿ ಈಜುತ್ತಲೇ ಉಸಿರು ಬಿಗಿಹಿಡಿಯುತ್ತದೆ ಎಂಬುದನ್ನು ಓದಿದಾಗ ನನಗಾದ ಸಂತೋಷವನ್ನು ನಿಮ್ಮ ಪುಟದ ಬಾಲ ಓದುಗರಿಗೂ ಕೊಡಬೇಕೆಂದು ನನ್ನ ಆಸೆ.

ಈಗ ಬಲೆಯ ಮಾತಿಗೆ ಬರುತ್ತೇನೆ. ನೀರಿನಲ್ಲಿ ನಿಲ್ಲಿಸಿದ ಬಲೆಗೆ ಸಿಕ್ಕಿಕೊಂಡ ಹ್ಯಾಮರ್‌ಹೆಡ್ ಮೊದಲು ಬಿಳಿ ಸ್ನಾಯುವಿನ ಬಲವೆಲ್ಲ ಸುರಿದು ಒದ್ದಾಡುತ್ತದೆ. ರಕ್ತದಲ್ಲಿ ಆಮ್ಲ ಏರುತ್ತದೆ. ಆ ಸಾಲ ತೀರಿಸಲು ಎಂದಿಗಿಂತ ಹೆಚ್ಚು ಆಮ್ಲಜನಕ ಬೇಕಾದ ಹೊತ್ತಿನಲ್ಲಿಯೇ ಅದಕ್ಕೆ ಮುಂದಕ್ಕೆ ಈಜಲಾಗದು, ಬಾಯಿಗೆ ನೀರು ನುಗ್ಗದು. ಬಲೆಯ ದಾರ ಕಿವಿರಿನ ಸೀಳುಗಳನ್ನೇ ಬಿಗಿದರಂತೂ ಮುಗಿಯಿತು. ಬಾಯಿಯಿಂದ ಪಂಪ್ ಮಾಡಬಲ್ಲ ನರ್ಸ್ ಶಾರ್ಕ್ ಅಥವಾ ಬಿದಿರು ಶಾರ್ಕ್ ಇಂಥ ಸ್ಥಿತಿಯಲ್ಲಿಯೂ ಬಹಳ ಹೊತ್ತು ಬದುಕಿರುತ್ತದೆ. ಟ್ರಾಲ್ ಬಲೆಯಲ್ಲಿ ಇತರ ಮೀನುಗಳ ರಾಶಿಯ ಕೆಳಗೆ ಬಿದ್ದದ್ದು ಬೇರೆ ರೀತಿಯಲ್ಲಿ ನರಳುತ್ತದೆ. ದೋಣಿಯ ಮೇಲಕ್ಕೆ ಎಳೆದ ಮೇಲೆ ಕಥೆ ಎಲ್ಲಕ್ಕೂ ಒಂದೇ. ನೀರಿನ ಆಧಾರವಿಲ್ಲದೆ ಕಿವಿರಿನ ಎಳೆಗಳು ಕುಸಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸುತ್ತ ಗಾಳಿಯಲ್ಲಿ ಅಷ್ಟು ಆಮ್ಲಜನಕವಿದ್ದೂ ಅದು ರಕ್ತಕ್ಕೆ ದಕ್ಕುವುದಿಲ್ಲ.

ರೆಕ್ಕೆ ಕತ್ತರಿಸಿ ಮೈಯನ್ನು ಜೀವಂತವಾಗಿಯೇ ಕಡಲಿಗೆ ಎಸೆಯುವ ಪದ್ಧತಿಯ ಕ್ರೌರ್ಯ ಎಂಥದೆಂದು ತಿಳಿಯುವುದೂ ಇದರಿಂದಲೇ. ಈಜಲಾರದ ಶಾರ್ಕ್ ತಳಕ್ಕೆ ಮುಳುಗುತ್ತ, ನೀರಿನ ನಡುವೆಯೇ ಉಸಿರುಗಟ್ಟಿ ಸಾಯುತ್ತದೆ. ರೆಕ್ಕೆಯನ್ನು ಮೈಯಿಂದ ಬೇರ್ಪಡಿಸದೆ ದಡಕ್ಕೆ ತರಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2013ರಲ್ಲಿ ತಂದಿತು, 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತನ್ನು ನಿಷೇಧಿಸಿತು. ಇವೆರಡೂ ಸ್ವಾಗತಾರ್ಹ ಹೆಜ್ಜೆಗಳು.

ನಮ್ಮ ಕಡಲಿಗೆ ಸಂಬಂಧಿಸಿದ ಇನ್ನೊಂದು ವಿಷಯವಿದೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150 ಮೀಟರ್ ಆಳದಿಂದ ಸಾವಿರ ಮೀಟರಿನವರೆಗೆ ಆಮ್ಲಜನಕ ತೀರಾ ಕಡಿಮೆಯಿರುವ ದಪ್ಪ ಪದರವೊಂದಿದೆ. ಪ್ರಪಂಚದ ಕಡಲುಗಳಲ್ಲಿಯೇ ಇದು ಅತಿ ದೊಡ್ಡ ಪದರಗಳಲ್ಲಿ ಒಂದು. ಮುಂಗಾರಿನ ಗಾಳಿಯಿಂದ ಆಳದ ನೀರು ಮೇಲೇಳುವಾಗ, ಆಗಸ್ಟಿನಿಂದ ಅಕ್ಟೋಬರಿನವರೆಗೆ, ಗೋವಾ ಮತ್ತು ಉತ್ತರ ಕನ್ನಡದ ಕರಾವಳಿಗೆ ಸಮೀಪದ ತಳನೀರಿನಲ್ಲಿಯೂ ಆಮ್ಲಜನಕ ಬಹಳ ಇಳಿಯುತ್ತದೆ ಎಂಬುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಬಹಳ ಹಿಂದೆಯೇ ದಾಖಲಿಸಿದ್ದಾರೆ. ಅದೇ ಸಂಸ್ಥೆಯ ಎಸ್.ಡಬ್ಲ್ಯು.ಎ. ನಕ್ವಿ ಮತ್ತು ಸಂಗಡಿಗರು, ಈ ಕೊರತೆ ತೀವ್ರವಾಗುತ್ತಿದೆ ಎಂದು 2000ದಲ್ಲಿ ಬರೆದಿದ್ದರು. ಜೂನ್ ಒಂದರಿಂದ ಜುಲೈ ಕೊನೆಯವರೆಗಿನ ನಿಷೇಧ ಮುಗಿದು ನಮ್ಮ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದು ಸರಿಯಾಗಿ ಇದೇ ಹೊತ್ತಿಗೆ. ಅಟ್ಲಾಂಟಿಕ್ ಸಾಗರದ ಇಂಥದೇ ಒಂದು ಪದರದ ಮೇಲೆ ನೀಲಿ ಶಾರ್ಕ್‌ಗಳು ಆಳಕ್ಕೆ ಇಳಿಯುವುದನ್ನು ಕಡಿಮೆ ಮಾಡಿ ಮೇಲ್ಪದರದಲ್ಲಿಯೇ ಒತ್ತಾಗಿ ಉಳಿಯುತ್ತವೆ, ಆದ್ದರಿಂದ ಅಲ್ಲಿ ಗಾಳಗಳಿಗೆ ಹೆಚ್ಚು ಸಿಗುತ್ತವೆ ಎಂದು 2021ರ ಅಧ್ಯಯನವೊಂದು ತೋರಿಸಿದೆ. ಆಮ್ಲಜನಕದ ಬೇಡಿಕೆ ಹೆಚ್ಚಿರುವ ಶಾರ್ಕ್‌ಗೆ ಕಡಲಿನ ಆಳವೆಲ್ಲ ವಾಸಯೋಗ್ಯವಲ್ಲ ಎಂಬುದನ್ನು ನಮ್ಮ ಕರಾವಳಿಯ ದೃಷ್ಟಿಯಿಂದಲೂ ಅಧ್ಯಯನ ಮಾಡುವ ಅಗತ್ಯವಿದೆ.

ಹಿಡಿದ ಶಾರ್ಕ್ ಅನ್ನು ಬಿಡುಗಡೆ ಮಾಡಿ ಉಳಿಸಬಹುದೆಂಬುದಕ್ಕೆ ಗುಜರಾತಿನ ಉದಾಹರಣೆ ನಮ್ಮೆದುರಿಗಿದೆ. ತಿಮಿಂಗಿಲ ಶಾರ್ಕ್ ಅನ್ನು 2001ರಲ್ಲಿ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲ ಅನುಸೂಚಿಗೆ ಸೇರಿಸಿದ ಮೇಲೆ, ಅಲ್ಲಿನ ಅರಣ್ಯ ಇಲಾಖೆಯೂ ಭಾರತೀಯ ವನ್ಯಜೀವಿ ಟ್ರಸ್ಟೂ 2004ರಲ್ಲಿ ಆರಂಭಿಸಿದ ಅಭಿಯಾನದಿಂದಾಗಿ, ವೆರಾವಲ್ ಸುತ್ತಮುತ್ತಲಿನ ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸಿ ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ಬಿಟ್ಟಿದ್ದಾರೆ. ಕತ್ತರಿಸಿದ ಬಲೆಗೆ ಅವರಿಗೆ ಪರಿಹಾರವೂ ದೊರೆಯುತ್ತದೆ. ಪರಿಹಾರವಿಲ್ಲದೆ ಬರೀ ಉಪದೇಶ ಮಾಡಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ ಎಂದು ನನ್ನ ದೃಢವಾದ ಅಭಿಪ್ರಾಯ.

ದೋಣಿ ನಡೆಸುವ ನಮ್ಮ ತಾಂಡೇಲರಿಗೂ ದೋಣಿಯ ಕೆಲಸಗಾರರಿಗೂ ಕಾನೂನಿನ ಪಟ್ಟಿಯಷ್ಟೇ ಸಾಲದು. ಬಾಲ ಹಿಡಿದು ನೇತುಹಾಕಿದರೆ ಪಕ್ಕೆಲುಬಿನ ಆಸರೆಯಿಲ್ಲದ ಶಾರ್ಕ್‌ನ ಒಳಾಂಗಗಳಿಗೆ ಪೆಟ್ಟಾಗುತ್ತದೆ, ಬಾಲದಿಂದ ಹಿಂದಕ್ಕೆ ಎಳೆದುಕೊಂಡು ಹೋದರೆ ಕಿವಿರಿನಲ್ಲಿ ಸರಿಯಾದ ಹರಿವು ನಿಲ್ಲುತ್ತದೆ, ಸಾಧ್ಯವಾದರೆ ದೋಣಿಗೆ ಎತ್ತದೆ ನೀರಿನಲ್ಲಿಯೇ ದಾರ ಕತ್ತರಿಸಿ, ದಣಿದದ್ದಾದರೆ ತಲೆಯನ್ನು ನೀರಿನ ಸೆಳೆತಕ್ಕೆ ಎದುರಾಗಿ ಹಿಡಿದು ಬಿಡಬೇಕು ಎಂಬಂಥ ಮಾತುಗಳನ್ನು ಕಾರಣಸಹಿತ ಹೇಳಿದರೆ ಅವರು ಖಂಡಿತ ಕೇಳುತ್ತಾರೆ. ಕಡಲನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ನಿಮ್ಮ ಪತ್ರಿಕೆ ಆ ವಿದ್ಯಾರ್ಥಿ ಪುಟದಲ್ಲಿ ತಿದ್ದುಪಡಿಯನ್ನು ಪ್ರಕಟಿಸುವುದರ ಜೊತೆಗೆ, ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಅಥವಾ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರದ ತಜ್ಞರಿಂದ, ನಮ್ಮ ಕರಾವಳಿಯ ಶಾರ್ಕ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನಮಾಲೆ ಬರೆಸಬೇಕೆಂದು ಕೋರುತ್ತೇನೆ. ಆಗಸ್ಟ್ ಒಂದಕ್ಕೆ ದೋಣಿಗಳು ಹೊರಡುವ ಮುನ್ನ, ಜುಲೈ ತಿಂಗಳಲ್ಲಿಯೇ ಅದು ಬಂದರೆ, ಬಲೆ ಹೊಲಿಯುತ್ತ ದಡದಲ್ಲಿರುವವರಿಗೆ ಓದಲು ಬಿಡುವಿರುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ಕುಂದಾಪುರ